ಕೇಳಿದವನು ಅವನು, ಮಾನ ಹೋಗಿದ್ದು ಅವಳದು: ಲಂಚಕ್ಕೂ ಕಾಮಕ್ಕೂ ಏನು ನಂಟು?

ತುಂಗಾತೀರ:
ಬಹಳ ದಿನದಿಂದ ತಲೆ ಕೊರೆಯುತ್ತಿರುವ ವಿಷಯ ಇದು. ಸುಮ್ನೆ ವಾದಕ್ಕೆ ಹಾಕುತ್ತಿಲ್ಲ, ನನಗೆ ನಿಜವಾಗಿ ಉತ್ತರ ಬೇಕು.

1994ರಲ್ಲಿ ಚಿಕ್ಕಪ್ಪ ತೀರಿಕೊಂಡರು. ಚಿಕ್ಕಮ್ಮನಿಗೆ ಆಗ ಮೂವತ್ತೊಂದು ವಯಸ್ಸು. ಎರಡು ಎಕರೆ ಗದ್ದೆ ಚಿಕ್ಕಪ್ಪನ ಹೆಸರಲ್ಲಿತ್ತು. ಪೌತಿ ಖಾತೆ ಮಾಡಿಸಲು, ಅಂದರೆ ಅದನ್ನು ತಮ್ಮ ಹೆಸರಿಗೆ ಬರೆಸಿಕೊಳ್ಳಲು, ತಾಲ್ಲೂಕು ಕಚೇರಿಗೆ ಅಲೆದರು. ನಾಲ್ಕನೇ ಸಲ ಹೋದಾಗ ಹತ್ತು ವರ್ಷದ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಸೆರಗಿನ ಗಂಟಿನಲ್ಲಿ ನೂರರ ಐದು ನೋಟು. ಗಂಟು ಬಿಚ್ಚಿ ಮೇಜಿನ ಮೇಲೆ ಇಟ್ಟರು. ಗುಮಾಸ್ತ ಆ ನೋಟುಗಳನ್ನು ಕೈಯಲ್ಲಿ ಮುಟ್ಟಲಿಲ್ಲ. ಪೆನ್ನಿನ ಹಿಂದಿನ ತುದಿಯಿಂದ ಮೆಲ್ಲಗೆ ವಾಪಸ್ ತಳ್ಳಿದ. "ದುಡ್ಡು ಯಾರಿಗೆ ಬೇಕಮ್ಮ. ಸಂಜೆ ಆರಕ್ಕೆ ಬನ್ನಿ, ಮಾತಾಡೋಣ. ಹುಡುಗನ್ನ ಕರ್ಕೊಂಡು ಬರಬೇಡಿ" ಎಂದ.

ನನಗೆ ಅರ್ಥ ಆಗಿದ್ದು ಕೊನೆಯ ಮಾತು ಮಾತ್ರ. ನಾನೇ ಏನೋ ತಪ್ಪು ಮಾಡಿದ್ದೇನೆ, ಅದಕ್ಕೇ ಕೆಲಸ ಆಗಲಿಲ್ಲ ಅಂದುಕೊಂಡಿದ್ದೆ. ಬಸ್ಸಿನಲ್ಲಿ ಚಿಕ್ಕಮ್ಮನಿಗೆ ಸಾರಿ ಕೂಡ ಹೇಳಿದೆ.

ಮನೆಯಲ್ಲಿ ಅಜ್ಜಯ್ಯ ಕೇಳಿದ ಮೊದಲ ಪ್ರಶ್ನೆ, "ದೊಡ್ಡವರನ್ನ ಬಿಟ್ಟು ನೀನ್ಯಾಕೆ ಹೋದೆ?" ಎರಡನೆಯದು, "ಅವನ ಹತ್ರ ಏನು ಮಾತಾಡಿದೆ?" ಅದೇ ಗುಮಾಸ್ತ ಎರಡು ಸಾವಿರ ಕೇಳಿದ್ದರೆ ಅಜ್ಜಯ್ಯ ಊರೆಲ್ಲಾ ಬೈದುಕೊಂಡು ತಿರುಗುತ್ತಿದ್ದರು. ಇದನ್ನು ಮಾತ್ರ ಮನೆಯ ಹೊಸಿಲು ದಾಟಿಸಲಿಲ್ಲ. ಪಹಣಿ 2005ರವರೆಗೂ ಸತ್ತವರ ಹೆಸರಲ್ಲೇ ಇತ್ತು. ಹನ್ನೊಂದು ವರ್ಷ ಬೆಳೆಸಾಲ ಸಿಗಲಿಲ್ಲ.

ದುಡ್ಡು ಕೇಳಿದರೆ ಕೇಳಿದವನು ಕಳ್ಳ. ದೇಹ ಕೇಳಿದರೆ ಕೇಳಿಸಿಕೊಂಡವಳ ಮಾನ ಹೋಗುತ್ತದೆ. ಸಹಿ ಅದೇ, ಮೇಜು ಅದೇ, ಮನುಷ್ಯ ಅದೇ. ನಾಚಿಕೆ ಯಾಕೆ ಮೇಜಿನ ಈ ಕಡೆಗೆ ದಾಟಿಬಿಡುತ್ತದೆ? ಲಂಚಕ್ಕೂ ಕಾಮಕ್ಕೂ ಇರೋ ನಂಟು ಈ ದಾಟುವಿಕೆಯಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ನೀವು ಏನಂತೀರಿ?

ನೇರನುಡಿ:
ಕಥೆ ಓದಿ ಸಂಕಟ ಆಯಿತು. ಆದರೆ ತತ್ವದ ಪ್ರಶ್ನೆಗೆ ಉತ್ತರ ಅಷ್ಟು ಕಷ್ಟ ಇಲ್ಲ ಅನ್ಸುತ್ತೆ. ಎರಡಕ್ಕೂ ಬೇರು ಆಸೆ. ಹೊನ್ನು ಮಾಯೆಯಲ್ಲ, ಹೆಣ್ಣು ಮಾಯೆಯಲ್ಲ, ಮಣ್ಣು ಮಾಯೆಯಲ್ಲ, ಮನದ ಮುಂದಣ ಆಸೆಯೇ ಮಾಯೆ ಅಂತ ಅಲ್ಲಮಪ್ರಭು 12ನೇ ಶತಮಾನದಲ್ಲೇ ಹೇಳಿ ಮುಗಿಸಿದ್ದಾರೆ. ಕಾಮ, ಲೋಭ ಎರಡೂ ಅರಿಷಡ್ವರ್ಗದಲ್ಲೇ ಇವೆ. ತನ್ನನ್ನು ತಾನು ಹಿಡಿದುಕೊಳ್ಳಲಾರದವನು ದುಡ್ಡೂ ತಿನ್ನುತ್ತಾನೆ, ಇದನ್ನೂ ಕೇಳುತ್ತಾನೆ.

ತುಂಗಾತೀರ:
ನೇರನುಡಿಯವರೇ, ಅಲ್ಲಮನ ಮಾತು ನನಗೂ ಇಷ್ಟ. ಆದರೆ ಅದು ಗುಮಾಸ್ತನ ಮನಸ್ಸಿನ ಕಥೆ ಹೇಳುತ್ತದೆ. ಚಿಕ್ಕಮ್ಮನ ಮೇಲೆ ಕೂತ ನಾಚಿಕೆಯ ಕಥೆ ಹೇಳುವುದಿಲ್ಲ. ಆಸೆ ಅವನದು, ಶಿಕ್ಷೆ ಇವರಿಗೆ. ಅದು ಯಾಕೆ ಅನ್ನೋದೇ ನನ್ನ ಪ್ರಶ್ನೆ.

ಹಳೇ ಗುಮಾಸ್ತ:
ನಾನು ಕಂದಾಯ ಇಲಾಖೆಯಲ್ಲಿ 34 ವರ್ಷ ಇದ್ದೆ. ನಿಮ್ಮ ಚಿಕ್ಕಮ್ಮ ಕಂಡಂಥ ಮೇಜಿನ ಪಕ್ಕದ ಮೇಜಿನಲ್ಲಿ ಕೂತವನು ನಾನು. ಆದ್ದರಿಂದ ನಾನು ಬರೆಯಲೇಬೇಕು.

ದುಡ್ಡಿಗೆ ಒಂದು ರೇಟು ಇರುತ್ತಿತ್ತು. ಖಾತೆಗೆ ಇಷ್ಟು, ಪೋಡಿಗೆ ಇಷ್ಟು, ನಕಲಿಗೆ ಇಷ್ಟು. ಮಾಮೂಲು ಅಂತಲೇ ಹೆಸರು. ಮೇಲಿನವರಿಗೂ ಪಾಲು ಹೋಗುತ್ತಿತ್ತು, ಹಾಗಾಗಿ ಎಲ್ಲರಿಗೂ ಗೊತ್ತಿರುತ್ತಿತ್ತು. ಆ ಇನ್ನೊಂದಕ್ಕೆ ರೇಟು ಇಲ್ಲ, ಪಾಲೂ ಇಲ್ಲ. ಗಂಡ ಇಲ್ಲದವಳು, ಜೊತೆಗೆ ಗಂಡಸರು ಬಾರದವಳು, ಎರಡನೇ ಸಲ ಮೂರನೇ ಸಲ ಬಂದವಳು. ಅಂಥವರನ್ನು ನೋಡಿಯೇ ಕೇಳುತ್ತಿದ್ದರು. ನಮ್ಮ ಪೈಕಿ ಒಬ್ಬ ದುಡ್ಡನ್ನು ಎಲ್ಲರೆದುರೇ ಎಣಿಸುತ್ತಿದ್ದ, ಆದರೆ ಇದನ್ನು ದನಿ ಇಳಿಸಿ ಕೇಳುತ್ತಿದ್ದ. ಆಗ ನಾವೆಲ್ಲ ಫೈಲಿನೊಳಗೆ ಮುಖ ಹಾಕಿ ಕೂರುತ್ತಿದ್ದೆವು. ನಾನೂ ಕೂತಿದ್ದೇನೆ. ಇವತ್ತಿಗೂ ಅದು ನನ್ನನ್ನು ಬಿಟ್ಟಿಲ್ಲ.

ಒಂದು ಮಾತು ಮಾತ್ರ ಎರಡಕ್ಕೂ ಒಂದೇ ಇತ್ತು. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ." ದುಡ್ಡಿಗೂ ಅದೇ, ಅದಕ್ಕೂ ಅದೇ. ಕೇಳಿಸಿಕೊಂಡವರು ದನಿ ನೋಡಿ ಅರ್ಥ ಮಾಡಿಕೊಳ್ಳಬೇಕಿತ್ತು.

ತರ್ಕದ ಮೇಷ್ಟ್ರು:
ಹಿರಿಯರು ಇಷ್ಟು ತೆರೆದು ಬರೆದದ್ದಕ್ಕೆ ನಮಸ್ಕಾರ. ನಾನು ಪದಗಳ ಕಡೆಯಿಂದ ಬರುತ್ತೇನೆ.

ಭ್ರಷ್ಟ ಅಂದರೆ ಜಾರಿದವನು, ಇದ್ದ ಜಾಗದಿಂದ ಬಿದ್ದವನು. ಸ್ಥಾನಭ್ರಷ್ಟ, ಜಾತಿಭ್ರಷ್ಟ, ಶೀಲಭ್ರಷ್ಟೆ. ಗೀತೆಯ ಆರನೇ ಅಧ್ಯಾಯದಲ್ಲಿ ಯೋಗಭ್ರಷ್ಟನೂ ಬರುತ್ತಾನೆ. ಅಂದರೆ ಲಂಚ ತಿಂದ ಅಧಿಕಾರಿಗೂ, ಊರು ಆಡಿಕೊಳ್ಳುವ ಹೆಣ್ಣಿಗೂ ನಾವು ಒಂದೇ ಪದ ಬಳಸುತ್ತಾ ಬಂದಿದ್ದೇವೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದ್ದೇವೆ.

ಇನ್ನೊಂದು ಪದ ಇದೆ. ವ್ಯಭಿಚಾರ. ಇವತ್ತು ಈ ಪದ ಕೇಳಿದರೆ ಮಂಚ ಮಾತ್ರ ನೆನಪಾಗುತ್ತದೆ. ಆದರೆ ನ್ಯಾಯಶಾಸ್ತ್ರದಲ್ಲಿ ವ್ಯಭಿಚಾರ ಒಂದು ತರ್ಕದೋಷ. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಹಾಗಾಗಿ ಹೊಗೆಯನ್ನು ನಂಬಬಹುದು. ಬೆಂಕಿ ಇಲ್ಲದ ಕಡೆಯೂ ಕಾಣಿಸಿಕೊಳ್ಳುವ ಗುರುತು ನಂಬಿಕೆಗೆ ಲಾಯಕ್ಕಲ್ಲ. ಅದನ್ನು ಸವ್ಯಭಿಚಾರ ಹೇತು ಅನ್ನುತ್ತಾರೆ. ಅಲ್ಲಿ ಗಂಡಿಲ್ಲ, ಹೆಣ್ಣಿಲ್ಲ. ಯಾವುದರ ಜೊತೆ ಇರಬೇಕೋ ಅದನ್ನು ಬಿಟ್ಟು ಎಲ್ಲೆಂದರಲ್ಲಿ ಓಡಾಡುವ ಗುರುತು ಅಷ್ಟೇ.

ಈಗ ಆ ಗುಮಾಸ್ತನ ಸಹಿ ನೋಡಿ. ಸಹಿ ಇದ್ದಲ್ಲಿ ಹಕ್ಕು ಇರಬೇಕು, ಹಕ್ಕು ಇದ್ದಲ್ಲಿ ಸಹಿ ಬೀಳಬೇಕು. ಅವನ ಸಹಿ ಹಕ್ಕನ್ನು ಬಿಟ್ಟು ಬೇರೆ ಯಾವುದರದೋ ಹಿಂದೆ ಹೋಯಿತು. ವ್ಯಭಿಚಾರ ನಡೆದದ್ದು ಅವನ ಪೆನ್ನಿನಲ್ಲಿ. ನಿಮ್ಮ ಚಿಕ್ಕಮ್ಮನ ಸೆರಗಿನಲ್ಲಿ ಅಲ್ಲ.

ತುಂಗಾತೀರ:
ಮೇಷ್ಟ್ರೇ, ಕೊನೆಯ ಎರಡು ಸಾಲನ್ನು ಚಿಕ್ಕಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಇನ್ನೊಮ್ಮೆ ಓದು ಅಂದರು.

ನೇರನುಡಿ:
ಮೇಷ್ಟ್ರ ಮಾತು ಚೆನ್ನಾಗಿದೆ. ಆದರೂ ನಮ್ಮ ಹಿಂದಿನವರು ಕಾಮವನ್ನು ಬೇರೆಯಾಗಿ ನೋಡಿದ್ದರು ಅಲ್ವಾ? ಕೌಟಿಲ್ಯ ಅಧಿಕಾರಿಗಳಿಗೆ ಕಾಮದ ಪರೀಕ್ಷೆಯನ್ನೇ ಇಟ್ಟಿದ್ದ.

ತರ್ಕದ ಮೇಷ್ಟ್ರು:
ಇಟ್ಟಿದ್ದ, ಮತ್ತು ಅದು ಬಹಳ ಸ್ವಾರಸ್ಯದ ಜಾಗ. ಅರ್ಥಶಾಸ್ತ್ರದ ಮೊದಲ ಅಧಿಕರಣದಲ್ಲಿ ನಾಲ್ಕು ಉಪಧೆ, ಅಂದರೆ ಗುಟ್ಟಿನ ಪರೀಕ್ಷೆಗಳಿವೆ. ಧರ್ಮ, ಅರ್ಥ, ಕಾಮ, ಭಯ. ಹಣದ ಪರೀಕ್ಷೆಯಲ್ಲಿ ಗೆದ್ದವನಿಗೆ ಖಜಾನೆ, ಕಂದಾಯದ ಕೆಲಸ. ಕಾಮದ ಪರೀಕ್ಷೆಯಲ್ಲಿ ಗೆದ್ದವನಿಗೆ ರಾಜನ ವಿಹಾರಸ್ಥಳಗಳ ಕಾವಲು. ನಾಲ್ಕರಲ್ಲೂ ಗೆದ್ದವನು ಮಂತ್ರಿ. ಒಂದರಲ್ಲೂ ಗೆಲ್ಲದವನಿಗೆ ಗಣಿ, ಕಾಡು, ಕಾರ್ಖಾನೆ. ಅಂದರೆ ಖಜಾನೆಯವನಿಗೆ ಹಣದ ಪರೀಕ್ಷೆ ಸಾಕು, ಕಾಮದ್ದು ಬೇಕಿಲ್ಲ ಅಂತ ಕೌಟಿಲ್ಯನ ಲೆಕ್ಕ.

ಈ ಲೆಕ್ಕ ಸರಿ ಅಂತ ನನಗೆ ಅನಿಸುವುದಿಲ್ಲ. ಕಾಮದ ಪರೀಕ್ಷೆ ನಡೆಯೋದು ಹೀಗೆ: ಒಬ್ಬ ಸನ್ಯಾಸಿನಿ ಬಂದು, ರಾಣಿ ನಿನ್ನನ್ನು ಬಯಸಿದ್ದಾಳೆ, ಭೇಟಿಗೆ ಏರ್ಪಾಡಾಗಿದೆ, ಜೊತೆಗೆ ದೊಡ್ಡ ಸಂಪತ್ತೂ ಸಿಗುತ್ತದೆ ಅನ್ನಬೇಕು. ನೋಡಿದಿರಾ? ಕಾಮದ ಪರೀಕ್ಷೆಯೊಳಗೇ ಹಣ ಸೇರಿಕೊಂಡಿದೆ. ಬೇರೆ ಮಾಡಲು ಹೋದವನಿಗೂ ಪೂರ್ತಿ ಬೇರೆ ಮಾಡಲು ಆಗಲಿಲ್ಲ. ಇನ್ನೊಂದು ಮಾತು. ಅಲ್ಲಿ ಪರೀಕ್ಷೆ ಅಧಿಕಾರಿಗೆ. ಅರ್ಜಿ ಹಿಡಿದು ಬಂದ ಹೆಂಗಸಿನ ಶೀಲದ ಪರೀಕ್ಷೆ ಅಲ್ಲಿಲ್ಲ. ಅದನ್ನು ಸೇರಿಸಿದವರು ನಾವು.

ಸಂಶೋಧನೆಯವಳು:
ಎರಡು ದಿನದಿಂದ ಓದುತ್ತಿದ್ದೆ. ಬರೆಯಲೋ ಬೇಡವೋ ಅಂತ ಇದ್ದೆ.

ನಾನು ಪಿಎಚ್‌ಡಿ ಮಾಡುತ್ತಿದ್ದೇನೆ. ಊರು, ವಿಶ್ವವಿದ್ಯಾಲಯ ಬೇಡ. ಫೆಲೋಶಿಪ್ ಹಣ ಬರಬೇಕಾದರೆ ಪ್ರತಿ ತಿಂಗಳು ಗೈಡ್ ಸಹಿ ಬೇಕು. ಹೋದ ತಿಂಗಳು ಫಾರ್ಮು ಅವರ ಮೇಜಿನ ಮೇಲೆ ಒಂಬತ್ತು ದಿನ ಇತ್ತು. ಹತ್ತನೇ ದಿನ ಹೋಗಿ ಕೇಳಿದೆ. ಮೊಬೈಲ್ ನೋಡುತ್ತಾ, ತಲೆ ಎತ್ತದೆ ಹೇಳಿದರು: "ಸೆಮಿನಾರ್ ಇದೆ, ಎರಡು ದಿನ ಹೋಟೆಲ್ಲು. ಒಂದೇ ರೂಮು ಬುಕ್ ಮಾಡ್ತೀನಿ. ಬರ್ತೀನಿ ಅಂದ್ರೆ ಸಹಿ ಈಗಲೇ." ಬಸ್ಸಿನಲ್ಲಿ ಚಿಲ್ಲರೆ ಕೇಳುವ ದನಿ ಅದು. ಮುಖದಲ್ಲಿ ಆಸೆ ಅನ್ನೋದೇ ಇರಲಿಲ್ಲ. ನೇರನುಡಿಯವರು ಕಾಮ ಅಂದರಲ್ಲ, ನನಗೆ ಕಂಡಿದ್ದು ಕಾಮ ಅಲ್ಲ. ಮದ. ಕೇಳಿದರೆ ನಡೆಯುತ್ತದೆ ಅನ್ನೋ ಧೈರ್ಯ.

ನನಗೆ ತುಂಬಾ ಗೊಂದಲ ಮಾಡಿದ್ದು ಇದು. ಹಿರಿಯರೊಬ್ಬರಿಗೆ ಹೇಳಿದಾಗ "ಮೈ ಮುಟ್ಟಿದರಾ?" ಅಂತ ಕೇಳಿದರು. ಇಲ್ಲ. "ದುಡ್ಡು ಕೇಳಿದರಾ?" ಇಲ್ಲ. "ಹಾಗಾದ್ರೆ ಏನು ಆಯ್ತು ಮಗಾ?" ಅಂದರು. ಆ ಪ್ರಶ್ನೆಗೆ ನನ್ನ ಹತ್ತಿರ ಪದ ಇರಲಿಲ್ಲ.

ನೇರನುಡಿ:
ತಂಗಿ, ನನ್ನ ಮಾತು ವಾಪಸ್ ತಗೊಳ್ಳುತ್ತೇನೆ. ಆಸೆ ಅಂತ ಹೇಳಿದರೆ ಅದು ಮನುಷ್ಯ ಸಹಜ ಅಂದಂತೆ ಆಗಿಬಿಡುತ್ತದೆ. ನೀವು ಹೇಳಿದ್ದು ಅದಲ್ಲ.

ಕರಿಕೋಟು:
ತಂಗಿ, ಪದ ಇದೆ. ಲಂಚ.

ನಾನು ವಕೀಲ. ಭ್ರಷ್ಟಾಚಾರ ತಡೆ ಕಾಯ್ದೆ 1988ರದ್ದು, 2018ರಲ್ಲಿ ತಿದ್ದುಪಡಿ ಆಯಿತು. ಅದರಲ್ಲಿ ಲಂಚ ಅಂದರೆ ದುಡ್ಡು ಮಾತ್ರ ಅಲ್ಲ, ದುಡ್ಡಿನಲ್ಲಿ ಅಳೆಯಲಾಗದ ಲಾಭವೂ ಲಂಚವೇ ಅಂತ ಬರೆದಿದೆ. ತಿದ್ದುಪಡಿಗೆ ಮೊದಲೂ ಹಾಗೇ ಇತ್ತು. 7ನೇ ಸೆಕ್ಷನ್ ಪ್ರಕಾರ ಪಡೆಯಲು ಯತ್ನಿಸಿದರೂ ಅಪರಾಧ. 3ರಿಂದ 7 ವರ್ಷ ಜೈಲು. ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಈ ಕಾಯ್ದೆಯ ಪ್ರಕಾರ ಸಾರ್ವಜನಿಕ ನೌಕರರೇ. ನಿಮ್ಮ ಮೈ ಮುಟ್ಟಬೇಕಾಗಿಲ್ಲ.

ಹಾಗಾದರೆ ಇಂಥ ಕೇಸು ಯಾಕೆ ಕಾಣಿಸುವುದಿಲ್ಲ? ಒಂದು ಕಾರಣ, ಹಿಡಿಯೋ ವಿಧಾನ. ಟ್ರ್ಯಾಪ್ ಮಾಡುವಾಗ ನೋಟಿಗೆ ಫಿನಾಲ್ಫ್ಥಲೀನ್ ಪುಡಿ ಹಚ್ಚುತ್ತಾರೆ. ಆಮೇಲೆ ನೋಟು ತಗೊಂಡವನ ಕೈಯನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿಸುತ್ತಾರೆ, ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ಬಾಟಲಿಗೆ ಸೀಲು ಹಾಕಿ ಕೋರ್ಟಿಗೆ ತರುತ್ತಾರೆ. ಇಡೀ ವ್ಯವಸ್ಥೆ ನಿಂತಿರೋದು ಆ ಗುಲಾಬಿ ನೀರಿನ ಮೇಲೆ. ಮಾತಿಗೆ ಯಾವ ಪುಡಿ ಹಚ್ಚುತ್ತೀರಿ?

ಎರಡನೇ ಕಾರಣ ಇನ್ನೂ ಕಟು. 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ಅಪರಾಧಿ. ಒತ್ತಾಯಕ್ಕೆ ಕೊಟ್ಟಿದ್ದರೆ ರಿಯಾಯಿತಿ ಇದೆ, ಆದರೆ ಏಳು ದಿನದೊಳಗೆ ದೂರು ಕೊಡಬೇಕು. ದುಡ್ಡಿನ ವಿಷಯದಲ್ಲಿ ಏಳು ದಿನ ಸರಿ. ದೇಹವನ್ನೇ ಒಪ್ಪಿಸಬೇಕಾಗಿ ಬಂದ ಹೆಣ್ಣು ಏಳು ದಿನದಲ್ಲಿ ಠಾಣೆಗೆ ಹೋಗುತ್ತಾಳಾ? ಏಳು ದಿನದಲ್ಲಿ ಅವಳಿಗೆ ಸರಿಯಾಗಿ ಊಟವೂ ಸೇರುವುದಿಲ್ಲ. ಕಾಯ್ದೆ ಬರೆದವರು ನೋಟನ್ನು ಮಾತ್ರ ಕಣ್ಣ ಮುಂದೆ ಇಟ್ಟುಕೊಂಡಿದ್ದರು ಅಂತ ನನ್ನ ಅನಿಸಿಕೆ.

ಜಮ್ಮು ಮತ್ತು ಕಾಶ್ಮೀರದಲ್ಲಿ 2018ರ ಡಿಸೆಂಬರ್‌ನಲ್ಲಿ ಇದಕ್ಕೇ ಪ್ರತ್ಯೇಕ ಕಾನೂನು ತಂದರು. ಅಲ್ಲಿನ ರಣಬೀರ್ ದಂಡಸಂಹಿತೆಗೆ 354ಇ ಸೇರಿತು. ಅಧಿಕಾರದ ಕುರ್ಚಿಯಲ್ಲಿ ಕೂತು ಲೈಂಗಿಕ ಲಾಭ ಕೇಳಿದರೆ ಅಪರಾಧ. ದೇಶದಲ್ಲೇ ಮೊದಲು. 2019ರಲ್ಲಿ ರಾಜ್ಯದ ಸ್ಥಾನಮಾನ ಬದಲಾದಾಗ ಆ ಸಂಹಿತೆಯೇ ಹೋಯಿತು, ಜೊತೆಗೆ ಇದೂ ಹೋಯಿತು.

ಬರ್ಲಿನ್ ಕನ್ನಡಿಗ:
ಇಲ್ಲಿಂದ ಒಂದು ಉದಾಹರಣೆ. ತುಂಗಾತೀರ ಅವರ ಪ್ರಶ್ನೆಗೆ ಇದು ನೇರವಾಗಿ ತಾಗುತ್ತದೆ.

ಜರ್ಮನಿಯಲ್ಲಿ ವೇಶ್ಯಾವೃತ್ತಿ ಕಾನೂನುಬದ್ಧ. 2002ರಿಂದ ಅದನ್ನು ಬೇರೆ ದುಡಿಮೆಯಂತೆ ಗುರುತಿಸುವ ಕಾಯ್ದೆಯೂ ಇದೆ. ಹಾಗಾದರೆ ಲೈಂಗಿಕತೆಗೆ ಭ್ರಷ್ಟಾಚಾರದ ನಂಟು ಇಲ್ಲಿ ಇರಬಾರದಿತ್ತು. ಆದರೆ 2005ರಲ್ಲಿ ಫೋಕ್ಸ್‌ವ್ಯಾಗನ್ ಹಗರಣ ಹೊರಬಂತು. ಕಾರ್ಮಿಕರ ಪ್ರತಿನಿಧಿಗಳನ್ನು ಖುಷಿಯಾಗಿಡಲು ಆಡಳಿತದವರು ಕಂಪನಿ ದುಡ್ಡಿನಲ್ಲಿ ವಿದೇಶ ಪ್ರವಾಸ, ವೇಶ್ಯೆಯರ ಖರ್ಚು ಎಲ್ಲ ನೋಡಿಕೊಂಡಿದ್ದರು. ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಪೀಟರ್ ಹಾರ್ಟ್ಸ್ ತಪ್ಪೊಪ್ಪಿಕೊಂಡರು. 2007ರ ಜನವರಿಯಲ್ಲಿ ಅವರಿಗೆ ಎರಡು ವರ್ಷದ ಜೈಲು ಶಿಕ್ಷೆ (ಜಾರಿ ಅಮಾನತಿನಲ್ಲಿ, ಅಂದರೆ ಒಳಗೆ ಹೋಗಬೇಕಾಗಲಿಲ್ಲ) ಮತ್ತು ದಂಡ ಆಯಿತು.

ಕೋರ್ಟಿಗೆ ಮಂಚದ ನೀತಿ ಬೇಕಿರಲಿಲ್ಲ. ಕಾರ್ಮಿಕರ ಪರ ಮಾತಾಡಬೇಕಾದವರ ಬಾಯಿಯನ್ನು ಕೊಂಡುಕೊಂಡರು, ಅದು ಅಪರಾಧ. ಕಾಮವನ್ನು ಪಾಪದ ಪಟ್ಟಿಯಿಂದ ತೆಗೆದುಹಾಕಿದ ಮೇಲೂ ಭ್ರಷ್ಟಾಚಾರ ಹಾಗೇ ಉಳಿಯಿತು. ಅಂದರೆ ಕೆಡುಕು ಕಾಮದಲ್ಲಿ ಇರಲಿಲ್ಲ ಅಂತ ತಾನೆ?

ಹಳ್ಳಿಹೈದ:
ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ಹೆಣ್ಣೇ ಸ್ವಂತ ಇಷ್ಟದಿಂದ ಮುಂದೆ ಬಂದರೆ? ಇಬ್ಬರೂ ವಯಸ್ಕರು, ಇಬ್ಬರಿಗೂ ಒಪ್ಪಿಗೆ. ಅಲ್ಲಿ ಯಾರಿಗೆ ನಷ್ಟ?

ಬರ್ಲಿನ್ ಕನ್ನಡಿಗ:
ಆ ಕೋಣೆಯಲ್ಲಿ ಇಲ್ಲದವರಿಗೆ. ಅದೇ ಸೀಟಿಗೆ ಅರ್ಜಿ ಹಾಕಿ ಹೊರಗೆ ಬೆಂಚಿನ ಮೇಲೆ ಕೂತವರಿಗೆ. ಅಧಿಕಾರಿಗೆ ತನ್ನ ದೇಹದ ಮೇಲೆ ಹಕ್ಕಿದೆ, ಸಹಿಯ ಮೇಲೆ ಇಲ್ಲ. ಸಹಿ ನಮ್ಮೆಲ್ಲರದು. ತನ್ನದಲ್ಲದ್ದನ್ನು ಕೊಟ್ಟು ಏನು ಪಡೆದರೂ ಅದು ಲಂಚವೇ, ಒಪ್ಪಿಗೆ ಇರಲಿ ಬಿಡಲಿ.

ಸಂಶೋಧನೆಯವಳು:
ಮತ್ತೆ, ಇರೋದು ಒಂದೇ ಬಾಗಿಲು. ಬೀಗದ ಕೈ ಒಬ್ಬನ ಹತ್ತಿರ. ಆಗ ಒಪ್ಪಿಗೆ ಅಂದರೆ ಏನು? ಮಲಯಾಳಂ ಚಿತ್ರರಂಗದ ಹೆಂಗಸರ ಸ್ಥಿತಿ ಬಗ್ಗೆ ಹೇಮಾ ಸಮಿತಿಯ ವರದಿ 2019ರಲ್ಲೇ ಸರ್ಕಾರದ ಕೈ ಸೇರಿತ್ತು. ಜನರಿಗೆ ಓದಲು ಸಿಕ್ಕಿದ್ದು 2024ರ ಆಗಸ್ಟ್‌ನಲ್ಲಿ. ಅಲ್ಲಿ ಹೆಂಗಸರಿಗೆ ಚೆನ್ನಾಗಿ ಗೊತ್ತಿರುವ ಎರಡು ಪದ ಅಂತ ಬರೆದಿದ್ದು ಕಾಂಪ್ರಮೈಸ್ ಮತ್ತು ಅಡ್ಜಸ್ಟ್‌ಮೆಂಟ್. ಹಳೇ ಗುಮಾಸ್ತರು ಹೇಳಿದ ಅದೇ ಪದ. ತಾಲ್ಲೂಕು ಕಚೇರಿಯಿಂದ ಸಿನಿಮಾ ಸೆಟ್ಟಿನವರೆಗೆ ಒಂದೇ ಪದ ಓಡಾಡುತ್ತಿದೆ ಅಂದರೆ ಅದು ಒಬ್ಬರ ಚಪಲ ಅಲ್ಲ, ವ್ಯವಹಾರ.

ಹಳ್ಳಿಹೈದ:
ಒಪ್ಪಿದೆ. ಆದರೆ ರಾಜಕೀಯದಲ್ಲಿ ನೋಡಿ, ದುಡ್ಡು ತಿಂದವರು ಆರಾಮಾಗಿರುತ್ತಾರೆ, ವಿಡಿಯೋ ಬಂದವರು ಮಾತ್ರ ಮನೆಗೆ ಹೋಗುತ್ತಾರೆ. 2012ರ ಫೆಬ್ರವರಿಯಲ್ಲಿ ಸದನದಲ್ಲಿ ಮೊಬೈಲಿನಲ್ಲಿ ಅಶ್ಲೀಲ ದೃಶ್ಯದ ವಿಷಯ ಬಂದಾಗ ಮರುದಿನವೇ ಮೂವರು ಮಂತ್ರಿಗಳ ರಾಜೀನಾಮೆ ಆಯಿತು.

ಹಳೇ ಗುಮಾಸ್ತ:
ಪೂರ್ತಿ ಹಾಗಲ್ಲ ತಮ್ಮಾ. ಅದಕ್ಕೆ ಏಳು ತಿಂಗಳು ಮೊದಲು, 2011ರ ಜುಲೈನಲ್ಲಿ, ಲೋಕಾಯುಕ್ತರ ಗಣಿ ವರದಿ ಬಂತು. ಮುಖ್ಯಮಂತ್ರಿಯೇ ಕುರ್ಚಿ ಬಿಟ್ಟರು. ಆದರೆ ನೀನು ಹೇಳಿದ್ದರಲ್ಲಿ ಒಂದು ಸತ್ಯ ಇದೆ. ಗಣಿ ವರದಿಯಲ್ಲಿ ಏನಿತ್ತು ಅಂತ ನಮ್ಮ ಬೀದಿಯಲ್ಲಿ ಒಬ್ಬರಿಗೂ ನೆನಪಿಲ್ಲ. ಮೊಬೈಲಿನ ಪ್ರಸಂಗ ಎಲ್ಲರಿಗೂ ನೆನಪಿದೆ.

ಕಬ್ಬನ್ ಪಾರ್ಕಿನ ಬೆಂಚು:
ಇಲ್ಲಿಯವರೆಗೆ ಅಧಿಕಾರ ಕಾಮವನ್ನು ಕೇಳುವುದರ ಬಗ್ಗೆ ಮಾತಾಯಿತು. ಉಲ್ಟಾ ದಾರಿಯೂ ಇದೆ. ಕಾಮವನ್ನು ಅಪರಾಧ ಮಾಡಿ, ಆ ಅಪರಾಧವನ್ನು ಮಾರಿಕೊಳ್ಳುವುದು. ನನಗೆ ಈಗ ಐವತ್ತೆಂಟು. ನಾನು ಗಂಡಸರನ್ನು ಇಷ್ಟಪಡುವ ಗಂಡಸು.

1999ರಲ್ಲಿ ಒಂದು ಸಂಜೆ ಪಾರ್ಕಿನಲ್ಲಿ ಸ್ನೇಹಿತನ ಜೊತೆ ಮಾತಾಡುತ್ತಾ ಕೂತಿದ್ದೆ. ಬರೀ ಮಾತು. ಲಾಠಿ ಹಿಡಿದ ಇಬ್ಬರು ಬಂದರು. "377 ಗೊತ್ತಾ? ಮನೆ ವಿಳಾಸ ಹೇಳು, ಅಪ್ಪನಿಗೆ ತಿಳಿಸ್ತೀವಿ" ಅಂದರು. ಗಂಡಸರ ನಡುವಿನ ಸಂಬಂಧವನ್ನು ಆಗ ಅಪರಾಧ ಅನ್ನುತ್ತಿದ್ದ ಸೆಕ್ಷನ್ ಅದು. ಜೇಬಿನಲ್ಲಿ 340 ರೂಪಾಯಿ ಇತ್ತು, ತಗೊಂಡರು. ಅಪ್ಪ ಕೊಡಿಸಿದ್ದ ಎಚ್‌ಎಂಟಿ ವಾಚು ಬಿಚ್ಚಿಸಿದರು. ಒಬ್ಬ ಅದನ್ನು ಕಿವಿಗೆ ಹಿಡಿದು ಟಿಕ್‌ಟಿಕ್ ಬರುತ್ತಾ ಅಂತ ಕೇಳಿ ಜೇಬಿಗೆ ಹಾಕಿಕೊಂಡ. ಆಮೇಲೆ ನನ್ನ ಸ್ನೇಹಿತನನ್ನು ಮರದ ಹಿಂದೆ ಕರೆದುಕೊಂಡು ಹೋದರು. ಅಲ್ಲಿ ಏನು ನಡೆಯಿತು ಅಂತ ಅವನು ನನಗೆ ಯಾವತ್ತೂ ಹೇಳಲಿಲ್ಲ. ಯಾವುದನ್ನು ಅಪರಾಧ ಅಂತ ಹೆದರಿಸಿದರೋ ಅದನ್ನೇ ಲಂಚವಾಗಿ ತಗೊಂಡರು ಅಂತ ನನ್ನ ಅನುಮಾನ.

ವಾಚು ಕಳೆದುಹೋಯಿತು ಅಂತ ಅಪ್ಪನಿಗೆ ಸುಳ್ಳು ಹೇಳಿದೆ. ಅಪ್ಪ ಇನ್ನೊಂದು ಕೊಡಿಸಿದರು.

ನಾನೊಬ್ಬನೇ ಅಲ್ಲ. ಇಂಥ ಸುಲಿಗೆ ಬಗ್ಗೆ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಕರ್ನಾಟಕ 2001ರಲ್ಲೂ 2003ರಲ್ಲೂ ವರದಿ ಮಾಡಿದೆ. ಕಾನೂನು 2009ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಸಡಿಲ ಆಯಿತು, 2013ರಲ್ಲಿ ಮತ್ತೆ ಬಿಗಿಯಾಯಿತು, 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಆ ಸಂಜೆ ಬೇಕೆಂದೇ ಅದೇ ಬೆಂಚಿನ ಮೇಲೆ ಹೋಗಿ ಕೂತೆ.

ತುಂಗಾತೀರ ಅವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ. ಅವರು ನನ್ನಿಂದ ತಗೊಂಡಿದ್ದು 340 ರೂಪಾಯಿ ಅಲ್ಲ. ನನ್ನ ನಾಚಿಕೆಯನ್ನು. ನಾಚಿಕೆ ಇಲ್ಲದಿದ್ದರೆ ಅವರ ಹತ್ತಿರ ಮಾರಲು ಏನೂ ಇರಲಿಲ್ಲ. ನಿಮ್ಮ ಚಿಕ್ಕಮ್ಮನ ಗುಮಾಸ್ತನಿಗೂ ಅದು ಗೊತ್ತಿತ್ತು. ಇವಳು ಬಾಯಿ ಬಿಡುವುದಿಲ್ಲ ಅನ್ನೋ ಗ್ಯಾರಂಟಿಯನ್ನು ಅವನಿಗೆ ಬರೆದುಕೊಟ್ಟಿದ್ದು ನಿಮ್ಮ ಮನೆ, ನನ್ನ ಮನೆ.

ತುಂಗಾತೀರ:
ಇದನ್ನು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ ಅಣ್ಣ. ಅಜ್ಜಯ್ಯ ಕೆಟ್ಟವರಲ್ಲ. ಸೊಸೆಯನ್ನು ಮಗಳ ಹಾಗೆ ನೋಡಿಕೊಂಡರು. ಆದರೂ ಆ ಎರಡು ಪ್ರಶ್ನೆ ಕೇಳಿ ಅವನ ಕೆಲಸವನ್ನು ಇವರೇ ಮುಗಿಸಿಕೊಟ್ಟರು.

ಹಳೇ ಗುಮಾಸ್ತ:
ಒಂದು ಸಣ್ಣ ಮಾತು ಸೇರಿಸುತ್ತೇನೆ. ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋದಾಗ, 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲೇ ನಕಲು ಸಿಗತೊಡಗಿತು. ಮುಖ ನೋಡಿ ಕಾಗದ ಕೊಡುವ ಅವಕಾಶ ಅಷ್ಟರಮಟ್ಟಿಗೆ ಹೋಯಿತು. ನಮ್ಮಲ್ಲಿ ಯಾರೂ ಒಳ್ಳೆಯವರಾಗಲಿಲ್ಲ. ಆ ಮೇಜು ಹೋಯಿತು ಅಷ್ಟೇ. ಖಾತೆ ಬದಲಾವಣೆಗೆ ಇವತ್ತೂ ಮನುಷ್ಯರ ಮುಂದೆ ನಿಲ್ಲಬೇಕು.

ಕರಿಕೋಟು:
ಸಂಶೋಧನೆಯವಳು ಅವರಿಗೆ: ಹೋದ ತಿಂಗಳಿನದ್ದು ಅಂದಿರಿ. ವಿಶ್ವವಿದ್ಯಾಲಯದ ಆಂತರಿಕ ದೂರು ಸಮಿತಿಗೆ ಮೂರು ತಿಂಗಳೊಳಗೆ ಕೊಡಬೇಕು, ಹಾಗಾಗಿ ಸಮಯ ಇದೆ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಲೈಂಗಿಕ ಬೇಡಿಕೆಯೂ ಕಿರುಕುಳವೇ. ಅದಕ್ಕೆ ಪ್ರತಿಯಾಗಿ ಅನುಕೂಲ ಮಾಡಿಕೊಡುತ್ತೇನೆ ಅನ್ನುವುದನ್ನೂ ಅದು ಗುರುತಿಸುತ್ತದೆ. ಜೊತೆಗೆ ಲೋಕಾಯುಕ್ತ ಪೊಲೀಸರಿಗೂ ದೂರು ಕೊಡಬಹುದು. ನೀವು ಏನೂ ಕೊಟ್ಟಿಲ್ಲ, ಆದ್ದರಿಂದ ಆ ಏಳು ದಿನದ ಗಡುವು ನಿಮಗೆ ತಾಗುವುದಿಲ್ಲ. ದಿನಾಂಕ, ಹೊತ್ತು, ಕೋಣೆ ಬರೆಯಿರಿ. ಫಾರ್ಮು ಎಷ್ಟು ದಿನ ಮೇಜಿನ ಮೇಲೆ ಇತ್ತು ಅಂತ ಬರೆಯಿರಿ. "ಅಸಭ್ಯವಾಗಿ ಮಾತಾಡಿದರು" ಅಂತ ಮಾತ್ರ ಬರೆಯಬೇಡಿ.

ಸಂಶೋಧನೆಯವಳು:
ಬರೆಯಲು ಕೂತಿದ್ದೇನೆ ಸರ್. ಅವರು ಹೇಳಿದ ಮಾತನ್ನು ಹಾಗೇ ಬರೆಯಬೇಕಾ? ಆ ರೂಮಿನ ಮಾತು?

ಕರಿಕೋಟು:
ಹಾಗೇ ಬರೆಯಿರಿ. ಅದು ಅವರ ಮಾತು, ನಿಮ್ಮದಲ್ಲ.

ತುಂಗಾತೀರ:
ಚಿಕ್ಕಮ್ಮ ಪಕ್ಕದಲ್ಲೇ ಇದ್ದಾರೆ. ಆ ಹುಡುಗಿಗೆ ಹೇಳು ಅಂದರು: ದೂರು ಕೊಡೋಕೆ ಹೋಗುವಾಗ ಜೊತೆಗೆ ಯಾರೂ ಇಲ್ಲದಿದ್ದರೆ ನಾನು ಬರ್ತೀನಿ, ಊರು ಯಾವುದಾದ್ರೂ ಸರಿ, ಬಸ್ ಚಾರ್ಜ್ ನನ್ನದೇ.